‘ಎಲ್ಲ ಆರಾಮು’ ಅಂದ ಮೇಲೆ ಕೇಳಬೇಕಾದ್ದು

(ಸಾಗರದಲ್ಲಿ ಮಾಜಿ ಸೈನಿಕರು, ಸೈನಿಕರ ಮನೆಯವರು ಸೇರಿದ್ದ ಒಂದು ದಿನ ನಾನು ಆಡಿದ ಮಾತು ಇದು. ಬರೆದು ಕೊಡಿ ಎಂದರು. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಬಾಗಿಲ ಹತ್ತಿರ ನಿಂತು, ಬಂದವರನ್ನೆಲ್ಲ ‘ಹೇಗಿದ್ದೀರಿ?’ ಎಂದು ಕೇಳಿದೆ. ಎಲ್ಲರೂ ‘ಆರಾಮು’ ಎಂದಿರಿ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಬಂದವರೂ ಆರಾಮು ಎಂದರು. ನಮ್ಮ ಮಲೆನಾಡಿನವರ ಪದ್ಧತಿಯೇ ಹಾಗೆ. ಮನೆ ಮೇಲೆ ಮರ ಬಿದ್ದಿದ್ದರೂ ಬಂದವರಿಗೆ ಮೊದಲು ಆರಾಮು ಎನ್ನುತ್ತೇವೆ. ಕೈಕಾಲಿಗೆ ನೀರು ಕೊಟ್ಟು, ಕುಡಿಯಲು ಬೆಲ್ಲ ನೀರು ಕೊಟ್ಟು, ಮಳೆ ಸುದ್ದಿ, ಅಡಿಕೆ ರೇಟಿನ ಸುದ್ದಿ ಎಲ್ಲ ಮುಗಿದ ಮೇಲೆ, ಅವರು ಚಪ್ಪಲಿ ಹಾಕುವ ಹೊತ್ತಿಗೆ, ‘ಅದೇ, ಮೊನ್ನೆ ಒಂದು ಮರ ಬಿತ್ತು ಮಾರಾಯ್ರೆ’ ಎಂದು ಶುರು ಮಾಡುತ್ತೇವೆ.

ಸೈನಿಕರ ಕುಟುಂಬಗಳ ಬದುಕು ಸುಧಾರಿಸಬೇಕಾದರೆ ಅವರನ್ನೇ ಕೇಳಬೇಕು, ಅದರ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಕೇಳಬೇಕು, ಸರಿ. ಆದರೆ ಕೇಳಿದವರಿಗೆಲ್ಲ ಆರಾಮು ಎನ್ನುವ ಜನರನ್ನು ಹೇಗೆ ಕೇಳುವುದು? ನನ್ನ ಮಾತೆಲ್ಲ ಇದೇ ಪ್ರಶ್ನೆಯ ಸುತ್ತ.

ನಾನು ಅಧಿಕಾರಿಯಲ್ಲ, ಓದಿದ್ದೂ ಜಾಸ್ತಿ ಇಲ್ಲ. 1998ರಲ್ಲಿ ಮದುವೆಯಾಯಿತು. ನಮ್ಮನೆಯವರು ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ, ಅದೇ ಪಡೆಯ ಎಂಇಜಿ ಸೆಂಟರ್‌ನಲ್ಲಿ ಟ್ರೈನಿಂಗ್ ಆದವರು. 24 ವರ್ಷ ಸರ್ವಿಸ್ ಮುಗಿಸಿ ಹವಾಲ್ದಾರ್ ಆಗಿ 2016ರಲ್ಲಿ ಮನೆಗೆ ಬಂದರು. ಮದುವೆಯಾದ ಮರುವರ್ಷವೇ ಕಾರ್ಗಿಲ್. ಅವರ ಪತ್ರದ ಮೇಲೆ ‘56 ಎಪಿಒ’ ಎಂದಷ್ಟೇ ಇರುತ್ತಿತ್ತು. ಅದು ಯಾವ ಊರು ಎಂದು ನಮ್ಮತ್ತೆ ಪೋಸ್ಟ್‌ಮ್ಯಾನ್‌ನನ್ನು ಪ್ರತಿ ಸಲವೂ ಕೇಳುತ್ತಿದ್ದರು. ಅದು ಊರಲ್ಲ, ಸೈನ್ಯದ ಅಂಚೆ ವಿಳಾಸ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ‘ಊರಿಲ್ಲದ ಊರಲ್ಲಿ ಮಗ ಇದ್ದಾನೆ’ ಎನ್ನುತ್ತಾ ಅತ್ತೆ ತೋಟಕ್ಕೆ ಹೋಗುತ್ತಿದ್ದರು. ಈ ಅತ್ತೆಯ ಸುದ್ದಿ ಆಮೇಲೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಒಂದು ಕ್ವಾರ್ಟರ್ಸ್ ಕತೆ. ಉತ್ತರದ ಕಡೆಯ ಒಂದು ಸ್ಟೇಷನ್, ಹೆಸರು ಬೇಡ. ನಮಗೆ ಸಿಕ್ಕಿದ್ದು ಹಳೇ ಕ್ವಾರ್ಟರ್ಸ್. ಮಳೆಗಾಲದಲ್ಲಿ ಅಡುಗೆಮನೆ ಸೋರುತ್ತಿತ್ತು. ರಿಪೇರಿ ಕಛೇರಿಯ ಪುಸ್ತಕದಲ್ಲಿ ಮೂರು ಸಲ ಬರೆಸಿದ್ದೆವು. ಒಂದು ದಿನ ಮೇಲಧಿಕಾರಿಯ ಪತ್ನಿ ಮನೆ ಮನೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾವೆಲ್ಲ ಏನು ಮಾಡಿದೆವು ಗೊತ್ತಾ? ನೆಲ ಒರೆಸಿದೆವು. ಒಳ್ಳೆ ಬೆಡ್‌ಶೀಟ್ ಹಾಸಿದೆವು. ಸೋರುವ ಕಡೆ ಇಟ್ಟಿದ್ದ ದಬರಿಯನ್ನು ಪರದೆ ಹಿಂದಕ್ಕೆ ಸರಿಸಿದೆವು. ಅವರು ಬಂದು ‘ಸಬ್ ಠೀಕ್ ಹೈ?’ ಎಂದರು. ನಾನು ‘ಠೀಕ್ ಹೈ ಮ್ಯಾಮ್’ ಎಂದೆ. ಅಷ್ಟರಲ್ಲಿ ಪರದೆ ಹಿಂದೆ ಟಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಅವರಿಗೂ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗೆ ನಕ್ಕೆವು. ಅವರು ಮುಂದಿನ ಮನೆಗೆ ಹೋದರು.

ತಪ್ಪು ಅವರದ್ದು ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ಈಗ ನೋಡಿದರೆ ದಬರಿ ಸರಿಸಿದವಳು ನಾನೇ ಅಲ್ವಾ?

ಆದರೆ ಯಾಕೆ ಸರಿಸಿದೆ ಎನ್ನುವುದಕ್ಕೂ ಕಾರಣ ಇದೆ. ಅದಕ್ಕೆ ಕೆಲವು ತಿಂಗಳ ಹಿಂದೆ ಅಲ್ಲೇ ಹೆಂಗಸರ ಒಂದು ಮೀಟಿಂಗ್ ಆಗಿತ್ತು. ಚಹಾ, ಸಮೋಸ, ತಂಬೋಲ ಆಟ ಎಲ್ಲ ಆದ ಮೇಲೆ ‘ಯಾರದ್ದಾದರೂ ಏನಾದರೂ ಪಾಯಿಂಟ್?’ ಎಂದು ಕೇಳಿದರು. ಸೈನ್ಯದ ಮನೆಯವರಿಗೆ ಈ ‘ಪಾಯಿಂಟ್’ ಗೊತ್ತು. ಸೈನಿಕ ಸಮ್ಮೇಳನದಲ್ಲಿ ಸಿಒ ಸಾಹೇಬರು, ಅಂದರೆ ಪಡೆಯ ಮುಖ್ಯಸ್ಥರು, ಜವಾನರಿಗೂ ಇದನ್ನೇ ಕೇಳುತ್ತಾರೆ. ಎದ್ದು ನಿಂತು ಹೇಳಬೇಕು. ಆ ದಿನ ತಮಿಳುನಾಡಿನ ಕಡೆಯ ಒಬ್ಬ ಹುಡುಗಿ ಎದ್ದಳು. ನೀರು ಬಿಡುವ ಹೊತ್ತು ಮತ್ತು ಸ್ಕೂಲ್ ಬಸ್ ಬರುವ ಹೊತ್ತು ಒಂದೇ ಆಗಿದೆ, ಮಗುವನ್ನು ಗೇಟಿಗೆ ಬಿಟ್ಟು ಬರುವಷ್ಟರಲ್ಲಿ ನೀರು ಹೋಗಿರುತ್ತದೆ, ಅರ್ಧ ಗಂಟೆ ಮೊದಲೇ ಬಿಡಿ ಎಂದಳು. ಎಷ್ಟು ಸಣ್ಣ ಮಾತು! ಪೈಸೆ ಖರ್ಚಿಲ್ಲದ ಮಾತು. ಆ ಸಂಜೆ ಅವಳ ಗಂಡನನ್ನು ಯಾರೋ ಕರೆದು, ‘ನಿನ್ನ ಮನೆಯವಳು ಜಾಸ್ತಿ ಮಾತಾಡ್ತಾಳಂತೆ’ ಎಂದರಂತೆ. ಬೈಯಲಿಲ್ಲ, ಸುಮ್ನೆ ನಗುತ್ತಲೇ ಅಂದರಂತೆ. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಪಾಯಿಂಟ್ ಯಾರದ್ದೂ ಇಲ್ಲ. ರಿಜಿಸ್ಟರ್‌ನಲ್ಲಿ ‘ಯಾವುದೇ ಪಾಯಿಂಟ್ ಇಲ್ಲ’ ಎಂದು ಬರೆದರು. ಅದನ್ನು ಓದಿದ ದೊಡ್ಡವರು ಇಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದುಕೊಂಡಿರಬೇಕು. ಅವರಿಗಾದರೂ ಬೇರೆ ಹೇಗೆ ಗೊತ್ತಾಗಬೇಕು?

ಮಾತಾಡಿದ್ದು ಹೆಂಡತಿ, ಮಾತು ಹೋಗಿ ಬಿದ್ದಿದ್ದು ಗಂಡನ ಮೇಲೆ. ಈ ಹೆದರಿಕೆ ಹೋಗದೆ ಎಷ್ಟು ಫಾರಂ ಹಂಚಿದರೂ ಪ್ರಯೋಜನ ಇಲ್ಲ. ಹಾಗಾಗಿ ನನ್ನನ್ನು ಕೇಳಿದರೆ ಮೊದಲ ಕೆಲಸ, ಹೇಳಿದವರ ಹೆಸರನ್ನೂ ಹೇಳಿದ ಮಾತನ್ನೂ ಬೇರೆ ಬೇರೆ ಮಾಡುವುದು. ಮೇಲೆ ಹೋಗಬೇಕಾದ್ದು ಮಾತು ಮಾತ್ರ.

ಇದನ್ನು ಚೆನ್ನಾಗಿ ಮಾಡಿದವರನ್ನೂ ನೋಡಿದ್ದೇನೆ. ನಾವು ಆಮೇಲೆ ಹೋದ ಇನ್ನೊಂದು ಸ್ಟೇಷನ್‌ನಲ್ಲಿ ಸುಬೇದಾರ್ ಸಾಹೇಬರೊಬ್ಬರ ಮನೆಯವರಿದ್ದರು, ಮರಾಠಿಯವರು. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್. ಮೂರು ಕಾಲಂ. ಏನು ಬೇಕು, ಯಾರನ್ನು ಕೇಳಿದ್ದೇವೆ, ಏನಾಯ್ತು. ಹೇಳಿದವರ ಹೆಸರು ಬರೆಯುವ ಕಾಲಮೇ ಇಲ್ಲ. ಬಟ್ಟೆ ಒಣಹಾಕುವಾಗ, ತರಕಾರಿ ಗಾಡಿ ಹತ್ತಿರ, ಸಿಕ್ಕಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದರು. ಮೀಟಿಂಗ್ ಶುರುವಾದ ತಕ್ಷಣ ಹೊಸ ಪಾಯಿಂಟ್ ಕೇಳುತ್ತಿರಲಿಲ್ಲ. ಹೋದ ತಿಂಗಳದ್ದನ್ನು ಓದುತ್ತಿದ್ದರು. ಬೀದಿ ದೀಪ, ಆಯ್ತು. ಕ್ಯಾಂಟೀನ್‌ನಲ್ಲಿ ಹೆಂಗಸರಿಗೆ ಬೇರೆ ಸಾಲು, ಆಯ್ತು. ಆಸ್ಪತ್ರೆಗೆ ಲೇಡಿ ಡಾಕ್ಟರ್, ಬರೆದಿದ್ದೇವೆ, ಉತ್ತರ ಬಂದಿಲ್ಲ. ಮಕ್ಕಳ ಪಾರ್ಕಿಗೆ ಹೊಸ ಉಯ್ಯಾಲೆ, ಈ ವರ್ಷ ಆಗಲ್ಲ, ದುಡ್ಡಿಲ್ಲ.

ನಂಬಿದರೆ ನಂಬಿ, ನಮಗೆ ಜಾಸ್ತಿ ಸಮಾಧಾನ ಆಗುತ್ತಿದ್ದುದು ಆ ‘ಆಗಲ್ಲ’ ಕೇಳಿದಾಗ. ಆಗಲ್ಲ ಎಂದು ಗೊತ್ತಾದರೆ ಮನೆಯಲ್ಲೇ ಮರಕ್ಕೆ ಹಗ್ಗ ಕಟ್ಟಿ ಉಯ್ಯಾಲೆ ಮಾಡಿಕೊಳ್ಳಬಹುದು. ಮಾಡಿಕೊಂಡೆವು ಕೂಡ. ‘ನೋಡೋಣ’ ಎಂದವರನ್ನು ನಂಬಿ ಕೂತರೆ ಮಗು ಹೈಸ್ಕೂಲಿಗೆ ಬಂದಿರುತ್ತದೆ.

ಈ ಮಾತಿಗೆ ತಯಾರಾಗುವಾಗ ಮಗ ಒಂದು ವಿಷಯ ಹುಡುಕಿ ಓದಿ ಹೇಳಿದ. ಅಮೆರಿಕದ ಭೂಸೇನೆಯಲ್ಲಿ ಇಂಥದ್ದೇ ನೋಟ್‌ಬುಕ್ಕನ್ನು ಬಹಳ ದೊಡ್ಡ ಮಟ್ಟದಲ್ಲಿ ಇಟ್ಟಿದ್ದಾರಂತೆ. 1980ರಲ್ಲಿ ಸೈನಿಕರ ಹೆಂಡಂದಿರು ಮುಂದೆ ನಿಂತು ವಾಷಿಂಗ್ಟನ್‌ನಲ್ಲಿ ಒಂದು ಸಭೆ ಮಾಡಿಸಿದರು. 1983ರಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಜಾನ್ ವಿಕಮ್, ಸೈನಿಕ ಕುಟುಂಬಗಳ ವಿಷಯಕ್ಕೇ ಎಂದು ಒಂದು ಶ್ವೇತಪತ್ರ ಹೊರಡಿಸಿದರು. ಅದರಿಂದ ‘ಆರ್ಮಿ ಫ್ಯಾಮಿಲಿ ಆಕ್ಷನ್ ಪ್ಲಾನ್’ ಹುಟ್ಟಿತು. ಒಂದೊಂದು ಸೈನಿಕ ನೆಲೆಯಲ್ಲೂ ಸೈನಿಕರು, ಅವರ ಸಂಗಾತಿಗಳು, ನಿವೃತ್ತರು, ಹದಿಹರೆಯದ ಮಕ್ಕಳು ಕೂಡ ಗುಂಪಾಗಿ ಕೂರುತ್ತಾರೆ. ಎಲ್ಲ ತೊಂದರೆ ಹರಡಿಕೊಂಡು, ಅದರಲ್ಲಿ ಮುಖ್ಯವಾದ ಕೆಲವನ್ನೇ ಆರಿಸುತ್ತಾರೆ. ಅಲ್ಲೇ ಬಗೆಹರಿಯುವುದು ಅಲ್ಲೇ ಮುಗಿಯುತ್ತದೆ. ಕಾನೂನೋ ನಿಯಮವೋ ಬದಲಾಗಬೇಕಾದ್ದು ಮೇಲೆ ಹೋಗುತ್ತದೆ. ಮೇಲೆ ಹೋದದ್ದಕ್ಕೆ ಒಂದು ನಂಬರ್. ಅದು ಮುಗಿಯುವ ತನಕ, ವರ್ಷಗಟ್ಟಲೆ ಆದರೂ, ಎಲ್ಲಿದೆ ಎಂದು ಬರೆಯುತ್ತಾ ಹೋಗುತ್ತಾರೆ. ಕೊನೆಗೆ ಅದರ ಮುಂದೆ ‘ಮುಗಿಯಿತು’ ಎಂದು ಬರೆಯಬೇಕು, ಇಲ್ಲವೇ ‘ಸಾಧ್ಯವಿಲ್ಲ’ ಎಂದು ಬರೆಯಬೇಕು. ನಮ್ಮ ಮರಾಠಿ ಅಕ್ಕನ ಮೂರನೇ ಕಾಲಮ್ಮೇ ಇದು! ಅವರಿಗೆ ಅಮೆರಿಕದ ಸುದ್ದಿ ಗೊತ್ತಿರಲು ಸಾಧ್ಯವೇ ಇಲ್ಲ.

ಬ್ರಿಟನ್‌ನಲ್ಲಿ ಇನ್ನೊಂದು ಥರ. ಅಲ್ಲಿ 2010ರಿಂದ ಪ್ರತಿವರ್ಷ ಸೈನಿಕರ ಗಂಡ ಅಥವಾ ಹೆಂಡತಿಗೇ ನೇರವಾಗಿ ಪ್ರಶ್ನೆ ಕಳಿಸುತ್ತಾರೆ. ಮನೆ ಹೇಗಿದೆ, ನಿಮ್ಮ ಕೆಲಸ ಏನಾಯ್ತು, ಮಕ್ಕಳ ಶಾಲೆ ಎಷ್ಟು ಸಲ ಬದಲಾಯ್ತು ಎಂಥದ್ದೆಲ್ಲ. ಬಂದ ಉತ್ತರ, ಚೆನ್ನಾಗಿಲ್ಲ ಎಂದವರ ಲೆಕ್ಕವೂ ಸೇರಿ, ಎಲ್ಲರೂ ನೋಡುವ ಹಾಗೆ ಪ್ರಕಟ ಆಗುತ್ತದೆ. ಅಲ್ಲೆಲ್ಲ ಸ್ವರ್ಗ ಇದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯ ಕ್ವಾರ್ಟರ್ಸೂ ಸೋರುತ್ತವಂತೆ, ಬೂಷ್ಟು ಹಿಡಿಯುತ್ತವಂತೆ. ಬೂಷ್ಟು ಹಿಡಿದಿದೆ ಎಂಬುದು ಪುಸ್ತಕದಲ್ಲಿ ಇದೆ, ಅಷ್ಟೇ ವ್ಯತ್ಯಾಸ.

ಸರಿ, ಘಟ್ಟ ಇಳಿದು ಎಲ್ಲೆಲ್ಲೋ ಹೋದೆವು. ವಾಪಸ್ ನಮ್ಮ ಕಡೆಗೆ ಬರೋಣ.

ಕುಟುಂಬ ಎಂದ ಕೂಡಲೇ ಕಾಗದದಲ್ಲಿ ಹೆಂಡತಿ, ಮಕ್ಕಳು ಎಂದು ಬರೆಯುತ್ತಾರೆ. ಕ್ಯಾಂಟೋನ್ಮೆಂಟ್‌ನಲ್ಲಿ ಇರುವವರು ಅವರೇ. ಆದರೆ ನಮ್ಮಲ್ಲಿ ಸೈನಿಕನ ಕುಟುಂಬ ಅಂದರೆ ತೋಟದ ಮನೆಯಲ್ಲಿ ಉಳಿದ ಅಪ್ಪ, ಅಮ್ಮ ಕೂಡ. ಇಪ್ಪತ್ತು ವರ್ಷದಲ್ಲಿ ನನ್ನನ್ನು ಒಂದಷ್ಟು ಸಲವಾದರೂ ‘ಠೀಕ್ ಹೈ?’ ಎಂದು ಕೇಳಿದವರಿದ್ದಾರೆ. ನಮ್ಮತ್ತೆಯನ್ನು ಒಬ್ಬರೂ ಕೇಳಲಿಲ್ಲ.

ಕೊಡಗಿನ ಮಾತು ಬೇರೆ. ಅಲ್ಲಿ ಪಕ್ಕದ ಮನೆಯಲ್ಲೇ ಒಬ್ಬ ರಿಟೈರ್ಡ್ ಸುಬೇದಾರ್ ಇರುತ್ತಾರೆ. ಯಾವ ಕಾಗದ ಎಲ್ಲಿ ಕೊಡಬೇಕು ಎಂದು ಕಾಫಿ ಕುಡಿಯುತ್ತಾ ಗೊತ್ತಾಗಿ ಹೋಗುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂಟಿ ಮನೆಗಳು. ಈ ಗುಡ್ಡಕ್ಕೊಂದು ಮನೆ, ಆ ಗುಡ್ಡಕ್ಕೊಂದು ಮನೆ. ಇಡೀ ಊರಿಗೆ ಒಬ್ಬನೇ ಹುಡುಗ ಮಿಲಿಟರಿಯಲ್ಲಿ ಇರುತ್ತಾನೆ. ಅವನು ರಜೆಗೆ ಬಂದಾಗ ಎಲ್ಲರೂ ಸುದ್ದಿ ಕೇಳುತ್ತಾರೆ. ಅವನು ಹೋದ ಮೇಲೆ ಅಮ್ಮನಿಗೆ ಒಂದು ತೊಂದರೆ ಬಂದರೆ, ಯಾವ ಕಛೇರಿ, ಯಾವ ನಂಬರ್ ಎಂದು ಹೇಳುವವರು ಯಾರೂ ಇಲ್ಲ. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯವರು ಇವತ್ತು ಬಂದಿದ್ದೀರಿ. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಹೊಟ್ಟೆನೋವು ಬಂದರೆ ಏನು ಮಾಡಬೇಕಿತ್ತು ಎಂದು ನಿಮಗೆ ಗೊತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ಒಂದು ಭಾರ ಇಳಿಯಿತು. ಅದಕ್ಕೆ ಮೊದಲು, ಗಡಿಯಲ್ಲಿದ್ದ ಮಗ ‘ಅಮ್ಮ ಹೇಗಿದ್ದೀ?’ ಎಂದು ಫೋನ್ ಮಾಡಿದರೆ ಅಮ್ಮ ‘ಆರಾಮು’ ಎಂದೇ ಹೇಳಿದ್ದಾಳೆ. 2019ರ ಚಳಿಗಾಲದಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಎದ್ದಾಗಲೂ ಎಷ್ಟೋ ಅಮ್ಮಂದಿರು ಮಗನಿಗೆ ಆರಾಮು ಎಂದವರೇ. ಮಗನೂ ಅಷ್ಟೇ. ಹಿಮದಲ್ಲಿ ಕಾಲು ಸೆಟೆದು ಹೋಗಿದ್ದರೂ ಆರಾಮು. ಎರಡೂ ಕಡೆಯಿಂದ ಸುಳ್ಳು ಹೇಳುವ ಫೋನು ಅದು.

ಆರೋಗ್ಯದ ಫಾರಂ ಬಗ್ಗೆ ಒಂದು ಮಾತು. 2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಪಾಲಿಕ್ಲಿನಿಕ್‌ಗೆ ಹೋದರೆ ಔಷಧಿ, ದೊಡ್ಡ ಕಾಯಿಲೆಗೆ ಬೇರೆ ಆಸ್ಪತ್ರೆಗೆ ಚೀಟಿ. ಒಳ್ಳೆಯ ಯೋಜನೆ. ನಾನು ನೋಡಿದ ಎಷ್ಟೋ ಮನೆ ಅದರಿಂದ ಸಾಲದಿಂದ ಉಳಿದಿದೆ. ಅವಲಂಬಿತ ಅಪ್ಪ ಅಮ್ಮನಿಗೂ ಸಿಗುತ್ತದೆ, ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆಗಿಂತ ಕಡಿಮೆ ಇದ್ದರೆ. ಇಂಥ ಕ್ಲಿನಿಕ್‌ಗಳಲ್ಲಿ ಅಭಿಪ್ರಾಯದ ಪುಸ್ತಕ ಇಟ್ಟಿರುತ್ತಾರೆ. ನನಗೆ ಗೊತ್ತಿರುವ ಒಬ್ಬ ಹಿರಿಯರು ಪ್ರತಿ ಸಲವೂ ‘ಉತ್ತಮ’ ಎಂದು ಬರೆದು ಸಹಿ ಮಾಡುತ್ತಿದ್ದರು. ಅದು ಸುಳ್ಳಲ್ಲ, ಡಾಕ್ಟರ್ ಚೆನ್ನಾಗಿ ನೋಡುತ್ತಿದ್ದರು. ಆಮೇಲೆ ಅವರು ಹೋಗುವುದೇ ನಿಂತಿತು. ಯಾಕೆ ಎಂದರೆ, ಬೆಳಗಿನ ಬಸ್ಸು ನಿಂತಿತ್ತು. ಇನ್ನೊಂದು ಬಸ್ಸಿಗೆ ಹೋದರೆ ಚೀಟಿ ಕೊಡುವ ಹೊತ್ತು ಮುಗಿದಿರುತ್ತಿತ್ತು. ಬಿಪಿ ಮಾತ್ರೆಯನ್ನು ಊರ ಅಂಗಡಿಯಲ್ಲಿ ಕೈದುಡ್ಡು ಕೊಟ್ಟು ತರುತ್ತಿದ್ದರು. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದರು.

ಆ ಪುಸ್ತಕದಲ್ಲಿ ನೋಡಿದರೆ ಇವರದ್ದು ಬರೀ ‘ಉತ್ತಮ’ವೇ ಇದೆ. ಕೌಂಟರ್ ಮೇಲೆ ಇಟ್ಟ ಪುಸ್ತಕದಲ್ಲಿ ಬಂದವರು ಮಾತ್ರ ಬರೆಯುತ್ತಾರೆ, ಅಲ್ವಾ? ಬರಲಾಗದವರ ಮಾತು ಅದರಲ್ಲಿ ಯಾವತ್ತೂ ಬರುವುದಿಲ್ಲ. ಅದಕ್ಕೇ ನಾನು ಹೇಳುವುದು, ‘ನಮ್ಮ ಸೇವೆ ಹೇಗಿತ್ತು?’ ಎಂದು ಕೇಳುವುದಕ್ಕಿಂತ ‘ಕಳೆದ ಸಲ ಯಾವಾಗ ಬಂದಿರಿ? ಹೇಗೆ ಬಂದಿರಿ? ಎಷ್ಟು ಹೊತ್ತಿಗೆ ಮನೆಗೆ ಮುಟ್ಟಿದಿರಿ?’ ಎಂದು ಕೇಳಿ. ‘ಹೇಗಿತ್ತು’ ಎಂದರೆ ಜನ ಮರ್ಯಾದೆಗೆ ಚೆನ್ನಾಗಿತ್ತು ಎನ್ನುತ್ತಾರೆ. ‘ಯಾವ ಬಸ್ಸಿಗೆ’ ಎಂದರೆ ನಿಜ ಹೊರಬರುತ್ತದೆ.

ಇನ್ನು ಹೆಸರಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮನೆಯವರು ರಿಟೈರ್ ಆಗಿ ಬಂದ ಮೇಲೆ ನಾನೂ ಒಂದು ನೋಟ್‌ಬುಕ್ ಇಟ್ಟೆ. ಮರಾಠಿ ಅಕ್ಕನ ಹಾಗೇ ಮೂರು ಕಾಲಂ. ಸುತ್ತಮುತ್ತಲ ಸೈನಿಕರ ಮನೆಗೆ ಹೋದಾಗ ಬರೆದುಕೊಳ್ಳುತ್ತೇನೆ. ದೊಡ್ಡ ದೊಡ್ಡ ಕಷ್ಟ ಬರುತ್ತದೆ ಎಂದುಕೊಂಡಿದ್ದೆ. ಪುಟ ತುಂಬಿದ್ದೆಲ್ಲ ಹೆಸರಿನ ತಪ್ಪಿನಿಂದ.

ನಮ್ಮ ಕಡೆ ಹೆಸರು ಹೇಗಿರುತ್ತದೆ ನೋಡಿ. ಅಮ್ಮನನ್ನು ಊರಲ್ಲಿ ಸಾವಿತ್ರಮ್ಮ ಎನ್ನುತ್ತಾರೆ. ಆಧಾರ್‌ನಲ್ಲಿ ಸಾವಿತ್ರಿ ಎಸ್. ಆರ್. ಪಹಣಿಯಲ್ಲಿ ಸಾವಿತ್ರಿ ಕೋಂ ರಾಮಪ್ಪ. ಮಗ ಭರ್ತಿಯಾಗುವಾಗ, ಹದಿನೆಂಟು ವರ್ಷದ ಹುಡುಗ, ಯಾರೋ ‘ಮಾತಾ ಕಾ ನಾಮ್?’ ಎಂದಾಗ ಮನೆಯಲ್ಲಿ ಕರೆಯುವ ಹೆಸರು ಹೇಳಿರುತ್ತಾನೆ. ಸೈನಿಕನ ಮನೆಯವರ ಹೆಸರಿನ ಪಟ್ಟಿಯಾದ ಕಿಂಡ್ರೆಡ್ ರೋಲ್‌ನಲ್ಲಿ ಅದೇ ಹೋಗಿ ಕೂತಿರುತ್ತದೆ. ಇನ್ನು ನಮ್ಮ ‘ಬಿನ್’. ಸುರೇಶ ಬಿನ್ ತಿಮ್ಮಪ್ಪ ಎಂದರೆ ನಮಗೆ ತಿಮ್ಮಪ್ಪನ ಮಗ ಸುರೇಶ. ಹಿಂದಿಯಲ್ಲಿ ಬಿನ್ ಎಂದರೆ ‘ಇಲ್ಲದೆ’. ನಮ್ಮನೆಯವರ ಜೊತೆಗಿದ್ದ ಒಬ್ಬ ಉತ್ತರದ ಕ್ಲರ್ಕ್, ‘ಇದೇನಿದು, ತಿಮ್ಮಪ್ಪ ಇಲ್ಲದ ಸುರೇಶ?’ ಎಂದು ಕೇಳಿದ್ದನಂತೆ. ನಾವು ಬಿದ್ದು ಬಿದ್ದು ನಕ್ಕಿದ್ದೆವು.

ನಗು ನಿಲ್ಲುವುದು ಆ ಸುರೇಶ ತೀರಿಕೊಂಡಾಗ. ಆಗ ಕಾಗದದಲ್ಲಿರುವ ಹೆಂಡತಿ ಮತ್ತು ಎದುರಿಗೆ ಅಳುತ್ತಿರುವ ಹೆಂಡತಿ ಒಬ್ಬಳೇ ಎಂದು ತೋರಿಸಬೇಕು. ಮದುವೆಯಾದಾಗ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಸೈನಿಕನ ಮನೆಯ ವಿವರ ದಾಖಲಾಗುವ ಸೈನ್ಯದ ಕಾಗದದಲ್ಲಿ, ಬರೆಸಿದ ಹೆಸರು ಒಂದು, ಆಧಾರ್‌ದು ಇನ್ನೊಂದು. ಅಫಿಡವಿಟ್ ಮಾಡಿಸಿ, ನೋಟರಿ ಮಾಡಿಸಿ, ಎಲ್ಲವನ್ನೂ ಸೈನ್ಯದ ರೆಕಾರ್ಡ್ ಆಫೀಸಿಗೆ ಕಳಿಸಿ ಕಾಯಬೇಕು. ನನಗೆ ಗೊತ್ತಿರುವ ಒಬ್ಬಳು ಅತ್ತಿದ್ದಕ್ಕಿಂತ ಜಾಸ್ತಿ ಜೆರಾಕ್ಸ್ ಮಾಡಿಸಿದ್ದಾಳೆ. ಈ ಕೆಲಸವನ್ನು ಗಂಡ ಬದುಕಿದ್ದಾಗ, ಸರ್ವಿಸ್‌ನಲ್ಲಿ ಇದ್ದಾಗ, ಒಂದು ಅರ್ಜಿಯಲ್ಲಿ ಶುರು ಮಾಡಬಹುದಿತ್ತು. ಆದರೆ ಅವಳಾಗಿ ಬಂದು ‘ನನ್ನ ಹೆಸರು ತಪ್ಪಾಗಿದೆ’ ಎಂದು ಹೇಳುವುದು ಹೇಗೆ? ತಪ್ಪಾಗಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಇಲ್ಲೇ ನಾನು ಒಂದು ವಿಷಯ ಕಲಿತೆ. ಗೊತ್ತಿಲ್ಲದ್ದರ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ಒಬ್ಬ ಹೆಣ್ಣುಮಗಳನ್ನು ‘ನಿಮಗೆ ಯಾವ ಪೆನ್ಷನ್ ಬರ್ತಿದೆ?’ ಎಂದು ಕೇಳಿದೆ. ‘ಬ್ಯಾಂಕಿಗೆ ಬರ್ತದೆ ಅಕ್ಕ’ ಎಂದಳು. ಕುಟುಂಬ ಪೆನ್ಷನ್‌ನಲ್ಲಿ ಬಗೆ ಇದೆ. ಸಾಮಾನ್ಯದ್ದಾದರೆ ಕೊನೆಯ ಸಂಬಳದ ನೂರಕ್ಕೆ 30. ಸರ್ವಿಸ್‌ನಲ್ಲಿದ್ದಾಗಲೇ ತೀರಿಕೊಂಡಿದ್ದರೆ ಮೊದಲ 10 ವರ್ಷ ನೂರಕ್ಕೆ 50. ಸಾವಿಗೆ ಸೇವೆಯೇ ಕಾರಣ ಎಂದಾದರೆ ವಿಶೇಷ ಪೆನ್ಷನ್, ನೂರಕ್ಕೆ 60. ಯುದ್ಧದಲ್ಲಿ ಮಡಿದವರ ಮನೆಗೆ ಪೂರ್ತಿ 100. ಯಾವುದು ಎಂದು ಪಿಪಿಒದಲ್ಲಿ, ಅಂದರೆ ಪೆನ್ಷನ್ ಮಂಜೂರಾತಿ ಆದೇಶದಲ್ಲಿ, ಇರುತ್ತದೆ. ಅವಳು ಪಿಪಿಒವನ್ನು ದೇವರ ಪಟದ ಹಿಂದೆ ಇಟ್ಟಿದ್ದಳು, ಕುಂಕುಮ ಹಚ್ಚಿ. ಒಂದು ಸಲವೂ ಓದಿರಲಿಲ್ಲ, ಓದಲು ಕನ್ನಡದಲ್ಲಿ ಇರಲೂ ಇಲ್ಲ. ಇಂಥವಳ ಹತ್ತಿರ ಹೋಗಿ ‘ನಿಮಗೆ ತೃಪ್ತಿ ಇದೆಯಾ?’ ಎಂದರೆ ಇದೆ ಎನ್ನುತ್ತಾಳೆ. ಮೊದಲು ಏನು ಸಿಗಬೇಕು ಎಂದು ಹೇಳಿ, ಆಮೇಲೆ ಸಿಕ್ಕಿದೆಯಾ ಎಂದು ಕೇಳಿ.

ಹುಟ್ಟಿದ ತಾರೀಕಿನದ್ದೂ ಇದೇ ಗೋಳು. ನಮ್ಮ ಅಜ್ಜಿಯಂದಿರೆಲ್ಲ ಜನವರಿ 1ರಂದು ಹುಟ್ಟಿದವರು! ಇಸವಿಯನ್ನು ಆಧಾರ್ ಮಾಡುವ ಹುಡುಗ ಮುಖ ನೋಡಿ ಹಾಕಿರುತ್ತಾನೆ. ಒಂದು ಮನೆಯಲ್ಲಿ ಲೆಕ್ಕ ಹಾಕಿದರೆ ಅಮ್ಮನಿಗೂ ಮಗನಿಗೂ ಹನ್ನೆರಡೇ ವರ್ಷ ಅಂತರ. ನಗಬೇಡಿ, ಇದರಲ್ಲಿ ದುಡ್ಡಿದೆ. 80 ತುಂಬಿದರೆ ಪೆನ್ಷನ್ ಮೇಲೆ ನೂರಕ್ಕೆ 20 ಜಾಸ್ತಿ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಎರಡರಷ್ಟು. ಮುಖ ನೋಡಿ ಐದು ವರ್ಷ ಕಡಿಮೆ ಹಾಕಿದ ಹುಡುಗ ಆ ಅಜ್ಜಿಯ ಐದು ವರ್ಷದ ಹಣ ಕಳೆದ. ಚೆಂದ ಕಾಣುತ್ತಿದ್ದದ್ದೇ ಅಜ್ಜಿಗೆ ಮುಳುವಾಯಿತು.

ಮತ್ತೆ ಬೆರಳು. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕು, ಎಲ್ಲರಿಗೂ ಗೊತ್ತು. ಮೊದಲು ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ನಿಂತರೆ ಆಗುತ್ತಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂತು, ಬೆರಳು ಒತ್ತಬೇಕು. ಈಗ ಪೆನ್ಷನ್ ಎಲ್ಲ ಸ್ಪರ್ಶ್ ಎಂಬ ರಕ್ಷಣಾ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಬ್ಯಾಂಕಿನಲ್ಲಿ ಗುರುತು ಪರಿಚಯದ ಮೇಲೆ ನಡೆಯುತ್ತಿದ್ದದ್ದು ಈಗ ಪ್ರಯಾಗರಾಜ್‌ನ ಪೆನ್ಷನ್ ಕಛೇರಿಯ ಕಂಪ್ಯೂಟರ್ ಒಪ್ಪಿದರೆ ಮಾತ್ರ. ನವೆಂಬರ್ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ ಹೇಗಿರುತ್ತದೆ? ಚೊಗರು ಹತ್ತಿ ಕಪ್ಪಾಗಿರುತ್ತದೆ, ಬೆರಳಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಮಿಷನ್ ಮೇಲೆ ಇಟ್ಟರೆ ಕೆಂಪು ದೀಪ. ಮತ್ತೆ ಒರೆಸಿ ಇಟ್ಟರೆ ಮತ್ತೆ ಕೆಂಪು. ನಮ್ಮತ್ತೆ ಒಂದು ಸಲ ಸೈಬರ್ ಅಂಗಡಿಯಲ್ಲಿ ಕೂತು, ‘ನಾನು ಸತ್ತಿದ್ದೇನಂತೆ, ಮನೆಗೆ ಹೋಗಿ ಅಡುಗೆ ಮಾಡ್ತೇನೆ’ ಎಂದು ಎದ್ದೇ ಬಿಟ್ಟರು. ಮಾವನೂ ಸೈನ್ಯದಲ್ಲಿದ್ದವರು, 1971ರಲ್ಲಿ ಇದ್ದವರು. ಅತ್ತೆಗೆ ಅವರ ಕುಟುಂಬ ಪೆನ್ಷನ್ ಬರುತ್ತಿತ್ತು.

2021ರಿಂದ ಮುಖ ತೋರಿಸಿದರೂ ಸಾಕು, ಮೊಬೈಲಿನಲ್ಲೇ ಮಾಡಬಹುದು. ಬೆರಳು ಸವೆದವರು ಬರೆದದ್ದು, ಅವರ ಮಕ್ಕಳು ಬರೆದದ್ದು, ಎಲ್ಲೋ ಯಾರಿಗೋ ಕೇಳಿಸಿರಬೇಕು ಎಂದು ನನಗೆ ಅನಿಸುತ್ತದೆ. ಒಳ್ಳೆಯದೇ ಆಯಿತು. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಬೋರ್ಡ್ ಹಾಕಿದ ಊರಿನವರು ನಾವು. ಎಂಬತ್ತು ವರ್ಷದವರನ್ನು ಗುಡ್ಡದ ತಲೆಗೆ ಕರೆದುಕೊಂಡು ಹೋಗಿ, ಕಣ್ಣು ಮಿಟುಕಿಸಿ ಅಮ್ಮ ಎನ್ನಬೇಕು. ಹೋದ ವರ್ಷ ನಾವು ಒಂದು ಉಪಾಯ ಮಾಡಿದೆವು. ಪೇಟೆಗೆ ಆಸ್ಪತ್ರೆಗೋ ಮದುವೆಗೋ ಬಂದವರನ್ನು ಹಿಡಿದು, ಅಲ್ಲೇ ಕೂರಿಸಿ ಮುಖ ತೋರಿಸಿ ಕಳಿಸುವುದು. ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಐದು ಜನರದ್ದು ಮುಗಿಸಿದೆವು. ಕಡುಬು ತಿಂದು ಬದುಕಿದ್ದೇವೆ ಎಂದು ಸಾಬೀತು ಮಾಡಿ ಹೋದರು.

ಮಕ್ಕಳ ಓದಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ನಮ್ಮಂಥ ವರ್ಗವಾಗುವವರ ಮಕ್ಕಳಿಗೆ. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡು ಶುರು ಮಾಡಿದರು. ಎಲ್ಲಿ ಹೋದರೂ ಪಾಠ ಒಂದೇ. ಆದರೆ ಅಪ್ಪ ರಿಟೈರ್ ಆಗುವ ಹೊತ್ತಿಗೆ ಹಳ್ಳಿ ಶಾಲೆಗೆ ಬರುವ ಮಗುವಿಗೆ ಕನ್ನಡ ಬರುವುದಿಲ್ಲ. ನನ್ನ ಮಗ ಎಂಟನೇ ಕ್ಲಾಸಿಗೆ ಇಲ್ಲಿ ಸೇರಿದಾಗ ‘ಳ’ ಮತ್ತು ‘ಲ’ ಒಂದೇ ಮಾಡಿ ಬರೆಯುತ್ತಿದ್ದ. ಅಜ್ಜಿ ಜೊತೆ ಹಿಂದಿಯಲ್ಲಿ ಜಗಳ ಆಡುತ್ತಿದ್ದ, ಅಜ್ಜಿ ಕನ್ನಡದಲ್ಲಿ ಬೈಯುತ್ತಿದ್ದರು. ಆರು ತಿಂಗಳಲ್ಲಿ ಕನ್ನಡ ಬಂತು. ಕಲಿಸಿದ್ದು ಆ ಬೈಗುಳವೋ ಮೇಷ್ಟ್ರೋ ಗೊತ್ತಿಲ್ಲ. ಊರಿಗೆ ವಾಪಸ್ ಬರುವ ಮಕ್ಕಳಿಗೆ ಒಂದು ಬೇಸಿಗೆ ಕನ್ನಡ ಕ್ಲಾಸ್ ಬೇಕು ಎನ್ನುವುದು ನನ್ನ ನೋಟ್‌ಬುಕ್‌ನಲ್ಲಿ ನಾನೇ ಬರೆದುಕೊಂಡ ಪಾಯಿಂಟ್. ಮೂರನೇ ಕಾಲಂ ಇನ್ನೂ ಖಾಲಿ ಇದೆ.

ಈಗ ಅಗ್ನಿವೀರರ ಮನೆಯವರ ಮಾತು. ಮುಂದಿನ ಸಾಲಿನಲ್ಲಿ ಮೂವರು ಅಮ್ಮಂದಿರಿದ್ದಾರೆ. 2022ರ ಜೂನ್‌ನಲ್ಲಿ ಅಗ್ನಿಪಥ ಎಂಬ ಈ ಭರ್ತಿ ಯೋಜನೆ ಬಂತು. ನಾಲ್ಕು ವರ್ಷ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೊರಗೆ ಬಂದವರಿಗೆ ಸೇವಾ ನಿಧಿ ಎಂದು ಸುಮಾರು 11.71 ಲಕ್ಷ. ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಹೆಸರೂ ಇಲ್ಲ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ಕಡೆ ಮಾಡಿಕೊಳ್ಳಿ, ನನಗೆ ಇಲ್ಲಿ ಅದು ಬೇಡ. ನನ್ನ ಮಾತು ಇಷ್ಟೇ. ಇವರು ಸೇರುವಾಗ ಮದುವೆಯಾಗಿರಬಾರದು. ಹಾಗಾದರೆ ಇವರ ಕುಟುಂಬ ಯಾರು? ಅಪ್ಪ, ಅಮ್ಮ. ಕ್ವಾರ್ಟರ್ಸ್ ಇಲ್ಲ, ಲೇಡೀಸ್ ಮೀಟಿಂಗ್ ಇಲ್ಲ. ನಮ್ಮನ್ನು ಅಪರೂಪಕ್ಕಾದರೂ ಕೇಳಿದರು. ಇವರನ್ನು ಕೇಳುವ ಜಾಗವೇ ಇಲ್ಲ. ನನ್ನ ನೋಟ್‌ಬುಕ್‌ನಲ್ಲಿ ಇವರಿಗೆ ಬೇರೆ ಪುಟ ಮಾಡಿದ್ದೇನೆ. ಒಬ್ಬ ಅಮ್ಮ ಬರೆಸಿದ್ದು ಹೀಗೆ: ‘ಮಗ ಬಂದ ಮೇಲೆ ಆ ದುಡ್ಡು ಬ್ಯಾಂಕಿನಲ್ಲಿ ಇಡಬೇಕೋ, ಬೋರ್‌ವೆಲ್ ತೆಗೆಸಬೇಕೋ, ಯಾರನ್ನು ಕೇಳಬೇಕು?’ ದೂರು ಅಲ್ಲ, ಒಂದು ಪ್ರಶ್ನೆ. ಅದಕ್ಕೂ ಉತ್ತರ ಬೇಕು.

ಕೇಳುವುದು ಹೇಗೆ ಎಂದು ಹೊಸದಾಗಿ ನೋಟ್‌ಬುಕ್ ಇಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ಅಡಿಕೆ ಸುಗ್ಗಿಯಲ್ಲಿ ಹೋಗಬೇಡಿ, ಯಾರೂ ತಲೆ ಎತ್ತಿ ಮಾತಾಡುವುದಿಲ್ಲ. ಹೋದರೆ ನೀವೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂತುಬಿಡಿ, ಆಗ ಕೈ ಕೆಲಸದಲ್ಲಿ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ. ಅತ್ತೆ ಸೊಸೆ ಇಬ್ಬರನ್ನೂ ಒಟ್ಟಿಗೆ ಕೇಳಬೇಡಿ. ಇದರ ವಿವರ ಕೊಡುವುದಿಲ್ಲ, ನಕ್ಕವರಿಗೆ ಗೊತ್ತಾಗಿದೆ. ಅದರಲ್ಲೂ ಮಗ ತೀರಿಕೊಂಡ ಮನೆಯಲ್ಲಿ ಪೆನ್ಷನ್ ಮೊದಲು ಹೆಂಡತಿಗೆ ಹೋಗುತ್ತದೆ. ಅಮ್ಮನ ಮನಸ್ಸಿನಲ್ಲಿ ಏನಿದೆ ಎಂದು ಸೊಸೆಯ ಎದುರು ಅವಳು ಹೇಳಲಾರಳು. ಸೊಸೆಯದ್ದೂ ಹಾಗೇ. ಇಬ್ಬರದ್ದೂ ನಿಜವೇ. ಮತ್ತೆ, ಉತ್ತರ ಹೇಳಲು ವಾಪಸ್ ಹೋಗುವುದಿಲ್ಲ ಎಂದಾದರೆ ಕೇಳಲೇ ಹೋಗಬೇಡಿ. ಒಂದು ಸಲ ಕೇಳಿ, ಬರೆದುಕೊಂಡು, ಮಾಯವಾದರೆ ಅವರು ಮುಂದೆ ನಿಮಗೂ ಆರಾಮು ಎನ್ನುತ್ತಾರೆ, ನಿಮ್ಮ ನಂತರ ಬಂದವರಿಗೂ ಆರಾಮು ಎನ್ನುತ್ತಾರೆ.

ಮಾತು ಮುಗಿದ ಮೇಲೆ ಒಂದಿಷ್ಟು ಪ್ರಶ್ನೆ ಬಂದವು. ಹಿರಿಯರೊಬ್ಬರು, ‘ದೂರು ಹಾಕಿದ್ದೆ, ವಿಲೇವಾರಿ ಆಗಿದೆ ಎಂದು ಮೆಸೇಜ್ ಬಂತು, ಕೆಲಸ ಆಗಿಲ್ಲ, ಏನು ಮಾಡಲಿ?’ ಎಂದರು. ಕೇಂದ್ರ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಲ್ಲಿ ಹಾಕಿದ್ದಾದರೆ, ಉತ್ತರ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹಾಕಬಹುದು ಎಂದು ಹೇಳಿದೆ. 2024ರಿಂದ ದೂರಿಗೆ 21 ದಿನದ ಗಡುವು ಇದೆ ಎಂದೂ ಹೇಳಿದೆ. ‘ವಿಲೇವಾರಿ ಅಂದ್ರೆ ಆಯ್ತು ಅಂತಲ್ವಾ?’ ಎಂದರು. ಅಲ್ಲ, ಅವರ ಮೇಜಿನಿಂದ ಹೋಯ್ತು ಅಂತ ಎಂದೆ. ಸಭೆಯೆಲ್ಲ ನಕ್ಕಿತು, ಅವರು ಮಾತ್ರ ನಗಲಿಲ್ಲ. ಅವರ ಕಾಗದ ತೆಗೆದುಕೊಂಡು ಇಟ್ಟುಕೊಂಡಿದ್ದೇನೆ.

ಒಬ್ಬ ಹುಡುಗಿ, ಮದುವೆಯಾಗಿ ಮೂರು ತಿಂಗಳಾಗಿದೆಯಂತೆ, ಗಂಡ ಲಡಾಖ್‌ನಲ್ಲಿ ಇದ್ದಾನೆ. ಕೈ ಎತ್ತಲಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಹತ್ತಿರ ಬಂದು, ‘ಅಕ್ಕ, ಪಾರ್ಟ್ ಟು ಆರ್ಡರ್‌ನಲ್ಲಿ ನನ್ನ ಹೆಸರು ಹೇಗೆ ಹೋಗಿದೆ ಅಂತ ನೋಡೋದು ಹೇಗೆ?’ ಎಂದು ಕೇಳಿದಳು. ಇವತ್ತು ರಾತ್ರಿ ಗಂಡನಿಗೆ ಫೋನ್ ಸಿಕ್ಕಿದರೆ ಹೇಗಿದ್ದೀರಿ ಎಂದು ಕೇಳಬೇಡ, ಮೊದಲು ಇದನ್ನೇ ಕೇಳು, ಅವರ ಕ್ಲರ್ಕ್ ಹತ್ತಿರ ನೋಡಿಸಿ ಅಕ್ಷರ ಅಕ್ಷರವಾಗಿ ಬರೆದು ಕಳಿಸಲಿ ಎಂದೆ. ಆಧಾರ್‌ನಲ್ಲಿ ಇದ್ದ ಹಾಗೆ ಅವಳ ಹೆಸರನ್ನು ನನ್ನ ನೋಟ್‌ಬುಕ್‌ನಲ್ಲಿ ಅವಳ ಕೈಯಲ್ಲೇ ಬರೆಸಿಕೊಂಡೆ. ಬರುವ ಭಾನುವಾರ ಬರುತ್ತೇನೆ ಎಂದಿದ್ದಾಳೆ.